ಇಲಾಖೆ ಒಂದಾಯಿತು, 14 ದಿನಗಳ ಲೆಕ್ಕ ಕೇಳುವವರು ಯಾರು?

ಆಹಾರ ಸುರಕ್ಷತೆ ಮತ್ತು ಔಷಧ ನಿಯಂತ್ರಣ ಇಲಾಖೆಗಳನ್ನು ರಾಜ್ಯ ಸರ್ಕಾರ ಒಂದೇ ಸೂರಿನಡಿ ತಂದಿದೆ. ಇದನ್ನು ದೊಡ್ಡ ಸುಧಾರಣೆ ಎಂದು ಹೊಗಳುವವರಿಗೆ ಹೇಳಬೇಕಾದದ್ದು ಇಷ್ಟೇ: ಶಿವಮೊಗ್ಗದ ದುರ್ಗಿಗುಡಿಯಲ್ಲೋ ಭದ್ರಾವತಿಯ ರಂಗಪ್ಪ ವೃತ್ತದಲ್ಲೋ ಸಂಜೆ ಗೋಬಿ ಮಂಚೂರಿ ತಿನ್ನುವವರಿಗೆ ಇದರಿಂದ ಸದ್ಯಕ್ಕೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ಕಾರಣ, ಎಲ್ಲರೂ ಮರೆತಿರುವ ಒಂದು ಸಂಖ್ಯೆ: 14. ಆಹಾರ ಸುರಕ್ಷತಾ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮಾದರಿ ಕೈಸೇರಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ಕೊಡಬೇಕು. ಜೈಲು ಶಿಕ್ಷೆಯ ಪ್ರಕರಣವಾದರೆ ಜಿಲ್ಲೆಯ ಅಂಕಿತಾಧಿಕಾರಿ ಮತ್ತೆ 14 ದಿನಗಳೊಳಗೆ ಆಹಾರ ಸುರಕ್ಷತಾ ಆಯುಕ್ತರಿಗೆ ಶಿಫಾರಸು ಕಳಿಸಬೇಕು. ವರದಿಯನ್ನು ಪ್ರಶ್ನಿಸಲು ವ್ಯಾಪಾರಿಗೆ 30 ದಿನಗಳ ಅವಕಾಶವಿದೆ. ಎಲ್ಲರೂ ಗಡುವು ಪಾಲಿಸಿದರೂ ತಪ್ಪು ಸಾಬೀತಾಗುವ ಹೊತ್ತಿಗೆ ಆ ಬಾಣಲೆಯ ತಿಂಡಿ ಎಷ್ಟು ಮಕ್ಕಳ ಹೊಟ್ಟೆ ಸೇರಿರುತ್ತದೆ? ಗಡುವು ತಪ್ಪಿದರಂತೂ ಕೇಳುವುದೇ ಬೇಡ. ಅಪರಾಧ ನಡೆದ ಒಂದು ವರ್ಷದೊಳಗೆ ಪ್ರಕರಣ ನ್ಯಾಯಾಲಯ ಮುಟ್ಟದಿದ್ದರೆ, ಆಯುಕ್ತರ ಲಿಖಿತ ಒಪ್ಪಿಗೆ ಇಲ್ಲದೆ ಅದು ಅಲ್ಲಿಗೇ ಮುಗಿಯಿತು.

ಭಯ ಸುಮ್ಮನೆ ಹುಟ್ಟಿದ್ದಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಪ್ರಕಟಿಸಿದ ಲೆಕ್ಕದಂತೆ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ. ರೋಡಮೈನ್-ಬಿ ಬಣ್ಣದ ಬಳಕೆಗೆ ನಿಷೇಧ ಬಂತು. ನಿಷೇಧ ಪಾಲನೆಯಾಗುತ್ತಿದೆಯೇ ಎಂಬುದನ್ನು ಹೇಳಬೇಕಾದದ್ದೂ ಮಾದರಿ ಪರೀಕ್ಷಿಸುವ ಪ್ರಯೋಗಾಲಯಗಳೇ. ರಾಜ್ಯದ ಆಹಾರ ಪ್ರಯೋಗಾಲಯಗಳು ನೆಲೆಯೂರಿರುವುದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ. ಔಷಧ ಪರೀಕ್ಷೆಯದು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ. ಎರಡೂ ಪಟ್ಟಿ ಕೂಡಿಸಿದರೂ ಮಲೆನಾಡಿನ ಒಂದು ಊರೂ ಸಿಗುವುದಿಲ್ಲ.

ನಮ್ಮ ಮುಂದೆ ಪೂರ್ವನಿದರ್ಶನವೂ ಇದೆ. 2011ರ ಆಗಸ್ಟ್ 5ರಂದು 1954ರ ಕಲಬೆರಕೆ ತಡೆ ಕಾಯ್ದೆ ಹೋಗಿ ಹೊಸ ವ್ಯವಸ್ಥೆ ಬಂತು. ಹುದ್ದೆಗಳ ಹೆಸರು ಬದಲಾಯಿತು, ಜಿಲ್ಲೆಗೆ ಅಂಕಿತಾಧಿಕಾರಿ ಬಂದರು, ನೋಂದಣಿ ಆನ್‌ಲೈನ್ ಆಯಿತು. ಆರು ವರ್ಷಗಳ ಬಳಿಕ, 2017ರಲ್ಲಿ, ಸಿಎಜಿ ದೇಶದ 72 ರಾಜ್ಯ ಪ್ರಯೋಗಾಲಯಗಳನ್ನು ನೋಡಿದಾಗ 65ಕ್ಕೆ ಎನ್‌ಎಬಿಎಲ್ ಮಾನ್ಯತೆಯೇ ಇರಲಿಲ್ಲ. ಕಚೇರಿಯನ್ನು ಮೊದಲು ಕಟ್ಟಿ ಪರೀಕ್ಷೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದರೆ ಹೀಗೇ ಆಗುತ್ತದೆ.

ಮಹಾರಾಷ್ಟ್ರದಲ್ಲಿ ಆಹಾರ, ಔಷಧ ಎರಡೂ ಒಂದೇ ಆಡಳಿತದಲ್ಲಿವೆಯಲ್ಲ ಎನ್ನುವವರಿದ್ದಾರೆ. ಇರಲಿ. ಆದರೆ ಔಷಧ ಪರಿವೀಕ್ಷಕರು ಫಾರ್ಮಸಿ ಓದಿದವರು. ಆಹಾರ ಸುರಕ್ಷತಾಧಿಕಾರಿಗೆ ಬೇಕಾದದ್ದು ಆಹಾರ ತಂತ್ರಜ್ಞಾನ, ಡೇರಿ, ರಸಾಯನಶಾಸ್ತ್ರದಂಥ ಪದವಿ. ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಹಚ್ಚಲಾಗದು. ಆಯುಕ್ತರ ಮಟ್ಟದಲ್ಲಿ ಆದ ವಿಲೀನ ತಾಲ್ಲೂಕಿಗೆ ಇಳಿಯುವಾಗ ಸಭೆ, ಕಡತ, ವರದಿಗಳ ಹೊರೆಯಾಗಿ ಮಾತ್ರ ಇಳಿಯುವ ಅಪಾಯವಿದೆ. ಔಷಧದ ಗುಣಮಟ್ಟದ ಪ್ರಶ್ನೆ ಎತ್ತಿದ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಸರ್ಕಾರದ ಗಮನವೆಲ್ಲ ಔಷಧದ ಕಡೆಗಿರುವುದು ಸಹಜ, ಅದು ಅಗತ್ಯವೂ ಹೌದು. ಆ ಗಡಿಬಿಡಿಯಲ್ಲಿ ಆಹಾರ ಹಿಂದೆ ಬೀಳಬಾರದು.

ಬೇರೆ ದಾರಿ ಇದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಶಿಮುಲ್ ಡೇರಿ ಇದೆ. ಹಾಲು ಒಕ್ಕೂಟ ಬಂದ ಹಾಲನ್ನು ಬಾಗಿಲಲ್ಲೇ ಪರೀಕ್ಷಿಸಿ, ಸರಿ ಇದ್ದರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಅದೇ ಬಿ.ಎಚ್. ರಸ್ತೆಯ ಎರಡು ತುದಿಯ ಊರುಗಳಲ್ಲಿ, 2011ರ ಜನಗಣತಿಯಂತೆ ಒಟ್ಟು ನಾಲ್ಕೂಮುಕ್ಕಾಲು ಲಕ್ಷ ಜನರ ಊಟದ ವಿಷಯದಲ್ಲಿ, ಸರ್ಕಾರ ಪರೀಕ್ಷಿಸುವುದು ಜನ ಉಂಡಾದ ಮೇಲೆ.

ಹೊಸ ಆಡಳಿತ ಮಾಡಬೇಕಾದದ್ದು ಮೂರು ಕೆಲಸ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗಕ್ಕೆ ಸೇರಿ ಮಾನ್ಯತೆ ಪಡೆದ ಒಂದು ಆಹಾರ ಪ್ರಯೋಗಾಲಯ. ಶಿವಮೊಗ್ಗ ಮಹಾನಗರ ಪಾಲಿಕೆ ಮತ್ತು ಭದ್ರಾವತಿ ನಗರಸಭೆಯ ಉದ್ದಿಮೆ ಪರವಾನಗಿ ಪಟ್ಟಿಯನ್ನು ಆಹಾರ ನೋಂದಣಿ ಪಟ್ಟಿಯೊಂದಿಗೆ ತಾಳೆ ನೋಡುವ ವ್ಯವಸ್ಥೆ. ಮೂರನೆಯದು, ಖರ್ಚೇ ಇಲ್ಲದ್ದು: ಮಾದರಿ ತೆಗೆದ ದಿನ, ವರದಿ ಬಂದ ದಿನ, ಕ್ರಮ ಕೈಗೊಂಡ ದಿನವನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸುವುದು. ಮೊದಲೆರಡಕ್ಕೆ ಹಣ, ಸಮಯ ಬೇಕು. ಮೂರನೆಯದನ್ನು ಮುಂದಿನ ತಿಂಗಳೇ ಆರಂಭಿಸಬಹುದು. ಜಿಲ್ಲೆಯ ಶಾಸಕರು ಮುಂದಿನ ಕೆಡಿಪಿ ಸಭೆಯಲ್ಲಿ ಎಷ್ಟು ದಾಳಿ ಆಯಿತು ಎಂದು ಕೇಳುವುದನ್ನು ಬಿಟ್ಟು, ಎಷ್ಟು ವರದಿ 14 ದಿನದೊಳಗೆ ಬಂತು ಎಂದು ಕೇಳಲಿ.