ಸೂಜಿ, ದಾರ ಮತ್ತು ವಿದ್ಯುತ್ತು

ನೀತಿ ಆಯೋಗದ ಆಶ್ರಯದಲ್ಲಿ 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ ಹೆಸರನ್ನು ವಾಚಕರು ಕೇಳಿಯೇ ಇರುತ್ತಾರೆ. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಯಂತ್ರಗಳನ್ನು ತಾವೇ ಕಟ್ಟಿ ನೋಡಲಿ ಎಂಬುದು ಅದರ ಆಶಯ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಪ್ರಯೋಗಶಾಲೆಗಳನ್ನು ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಆಯವ್ಯಯದಲ್ಲಿ ಸಾರಿತು. ಅಲ್ಲಿಗೆ ಏನೇನು ಬರಬೇಕು ಎಂಬ ಮಾತು ಬಂದಾಗಲೆಲ್ಲ ರೋಬೋಟು, ಸಂವೇದಕ, ಮೂರು ಆಯಾಮದ ಮುದ್ರಣಯಂತ್ರ ಇವುಗಳೇ ಮುಂದೆ ನಿಲ್ಲುತ್ತವೆ. ಆ ಮೇಜಿನ ಮೇಲೆ ಸೂಜಿದಾರವೂ ಇರಬೇಕೆಂದು ನಾನು ಹೇಳಬಯಸುತ್ತೇನೆ. ಕನ್ನಡ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ಕೇಳುವವರಿಗೆ ಒಂದು ಉಡುಪಿನ ಕಥೆಯೇ ನನ್ನ ಉತ್ತರ.

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಏಕಾಂಕವೊಂದರಲ್ಲಿ ‘ರಾತ್ರಿ’ ಎಂಬುದೇ ಒಂದು ಪಾತ್ರ. ಅದಕ್ಕೆ ನಕ್ಷತ್ರಗಳ ಹೊದಿಕೆ ಬೇಕಾಯಿತು. ದರ್ಜಿಯ ಮನೆಯಿಂದ ಬಂದ ಎರಡನೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕಡುನೀಲಿ ಬಟ್ಟೆಯ ಮೇಲೆ ಸಪ್ತರ್ಷಿಮಂಡಲವನ್ನು ಹೊಲಿದು ತಂದಳು. ಹೊಲಿದದ್ದು ಸಾಮಾನ್ಯ ದಾರದಿಂದಲ್ಲ. ಉಕ್ಕಿನ ಎಳೆಗಳಿಂದ ಹೊಸೆದ, ವಿದ್ಯುತ್ತು ಹರಿಯುವ ದಾರದಿಂದ. ಪುಟ್ಟ ಎಲ್‌ಇಡಿ ದೀಪಗಳ ಎರಡು ಕಾಲುಗಳನ್ನು ಉಂಗುರದಂತೆ ಬಾಗಿಸಿ, ಒಂದನ್ನು ಧನದ ಹೊಲಿಗೆಗೂ ಇನ್ನೊಂದನ್ನು ಋಣದ ಹೊಲಿಗೆಗೂ ಸೇರಿಸಿದ್ದಳು. ಎರಡು ಸಾಲುಗಳೂ ಎಲ್ಲಿಯೂ ತಾಗಬಾರದು. ಬಟ್ಟೆ ಮಡಿಸಿಕೊಂಡು ಅವು ತಾಗಿದರೆ ದೀಪಗಳೆಲ್ಲ ಆರುತ್ತವೆ. ಈ ದಾರಕ್ಕೆ ತಾಮ್ರದ ತಂತಿಯಷ್ಟು ಔದಾರ್ಯವಿಲ್ಲ, ಹೊಲಿಗೆ ಉದ್ದವಾದಷ್ಟೂ ಬೆಳಕು ಕುಂದುತ್ತದೆ. ಆದುದರಿಂದ ನಾಲ್ಕು ದೀಪಗಳಿಗೊಂದು, ಮೂರಕ್ಕೊಂದು ಎಂದು ಎರಡು ಸೆಲ್ಲುಗಳನ್ನು ಹತ್ತಿರದಲ್ಲಿಯೇ ಇಟ್ಟಿದ್ದಳು. ಕೊರಳಿನ ಲೋಹದ ಟಿಚ್ ಬಟನ್ನೇ ಸ್ವಿಚ್ಚು: ಒತ್ತಿದರೆ ಮಂಡಲ ಪೂರ್ಣ, ಬಿಚ್ಚಿದರೆ ಕತ್ತಲೆ.

ಅವಳಿಗೆ ರೋಹಿಣಿಯೂ ಬೇಕೆನಿಸಿತು. ರೋಹಿಣಿ ಎಂದರೆ ಕೆಂಪಾದವಳು. ಆಕಾಶದಲ್ಲಿಯೂ ಆ ತಾರೆ ಕೆಂಪಾಗಿಯೇ ಕಾಣುತ್ತದೆ. ಕೆಂಪು ದೀಪವೊಂದನ್ನು ಬಿಳಿಯವುಗಳ ಸಾಲಿಗೆ ಸೇರಿಸಿದೊಡನೆ ಬಿಳಿಯವು ಮಂಕಾದವು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೇ ತೃಪ್ತಿಯಿಂದ ಬೆಳಗುತ್ತದೆ, ಬಿಳಿಯದಕ್ಕೆ 3ರ ಹತ್ತಿರ ಬೇಕು. ಒಂದೇ ಸೆಲ್ಲಿಗೆ ಇಬ್ಬರನ್ನೂ ಕಟ್ಟಿದರೆ ಕೆಂಪು ಪ್ರವಾಹವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಕೊನೆಗೆ ರೋಹಿಣಿಗೆ ಪ್ರತ್ಯೇಕ ಸೆಲ್ಲು ದೊರೆಯಿತು. ಚಂದ್ರನ ಇಪ್ಪತ್ತೇಳು ಪತ್ನಿಯರಲ್ಲಿ ಅವಳೊಬ್ಬಳಿಗೇ ಸಲ್ಲುತ್ತಿದ್ದ ಪಕ್ಷಪಾತವನ್ನು ನೆನೆದು ಸಿಬ್ಬಂದಿ ಕೊಠಡಿಯಲ್ಲಿ ನಾವು ನಕ್ಕೆವು. ಆದರೆ ವಿಜ್ಞಾನವನ್ನು ಹತ್ತನೆಯ ತರಗತಿಯಲ್ಲಿಯೇ ಬಿಟ್ಟಿದ್ದ ಹುಡುಗಿ ವಿದ್ಯುತ್ತಿನ ಒಂದು ನಿಯಮವನ್ನು ತಾನಾಗಿ ಕಂಡುಕೊಂಡಿದ್ದಳೆಂಬುದು ನಗುವ ಸಂಗತಿಯಲ್ಲ.

ಇದು ಒಬ್ಬ ಹುಡುಗಿಯ ವಿಶೇಷವಷ್ಟೇ ಅಲ್ಲ. ಅಮೆರಿಕದ ಲೀಯಾ ಬ್ಯೂಕ್ಲಿ ಎಂಬ ವಿದುಷಿ ಬಟ್ಟೆಗೆ ಹೊಲಿಯಬಲ್ಲ ಪುಟ್ಟ ಗಣಕಫಲಕವೊಂದನ್ನು ರೂಪಿಸಿದರು. ‘ಲಿಲಿಪ್ಯಾಡ್’ ಎಂಬ ಹೆಸರಿನಲ್ಲಿ ಅದು 2007ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಿಂದ ಯಾರು ಏನು ಮಾಡಿದರೆಂದು ಆಕೆ ಸಹೋದ್ಯೋಗಿಯೊಬ್ಬರೊಡನೆ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ನನ್ನನ್ನು ಬಹಳ ಕಾಲ ಕಾಡಿದೆ. ಅದೇ ಜಾತಿಯ ಆರ್ಡುಯಿನೊ ಎಂಬ ಸಾಮಾನ್ಯ ಫಲಕದಿಂದಾದ ಕೆಲಸಗಳಲ್ಲಿ ಸ್ತ್ರೀಯರದು ನೂರಕ್ಕೆ 2. ಹೊಲಿಯುವ ಫಲಕದಿಂದಾದವುಗಳಲ್ಲಿ 65. ಬುದ್ಧಿ ಬದಲಾಗಿರಲಿಲ್ಲ, ಬಾಗಿಲು ಬದಲಾಗಿತ್ತು. ನಮ್ಮ ಶಾಲೆಗಳ ಹೊಸ ಪ್ರಯೋಗಶಾಲೆಗಳಿಗೂ ರೋಬೋಟಿನ ಬಾಗಿಲೊಂದನ್ನೇ ಇಟ್ಟರೆ ಯಾರು ಹೊರಗೆ ನಿಲ್ಲುವರೆಂಬುದನ್ನು ಊಹಿಸಲು ಕಷ್ಟವಿಲ್ಲ.

ಬೆಳಗುವ ಉಡುಪು ಹೊಸತಲ್ಲ. 1882ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ‘ಅಯೊಲಾಂತಿ’ ಗೀತನಾಟಕದ ಯಕ್ಷಿಣಿಯರು ಮುಡಿಯಲ್ಲಿ ವಿದ್ಯುದ್ದೀಪ ಧರಿಸಿ, ಬ್ಯಾಟರಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. 1956ರಲ್ಲಿ ಜಪಾನಿನ ಕಲಾವಿದೆ ಅತ್ಸುಕೊ ತನಾಕಾ ಬಣ್ಣ ಬಳಿದ ಬಲ್ಬುಗಳ ಭಾರಿ ಉಡುಪನ್ನೇ ತೊಟ್ಟು ನಿಂತರು. ರಂಗದ ಆಭರಣ ಭಾರವಾದರೆ ನಟ ಬಳಲುತ್ತಾನೆ, ಹಗುರವಾಗಿಯೇ ಮಾಡಬೇಕು ಎಂದು ನಾಟ್ಯಶಾಸ್ತ್ರ ಆಹಾರ್ಯವನ್ನು ವಿವರಿಸುವಾಗಲೇ ಹೇಳಿದೆ. 20 ಮಿಲಿಮೀಟರ್ ಅಗಲದ, ಸುಮಾರು 3 ಗ್ರಾಂ ತೂಕದ ಇಂದಿನ ಸೆಲ್ಲು ಭರತನ ಆ ಕಟ್ಟಳೆಗೆ ಒಪ್ಪುತ್ತದೆ. ಒಂದು ತಕರಾರನ್ನು ಮಾತ್ರ ಹೇಳದೆ ಇರಲಾರೆ. ನಮ್ಮ ಯಕ್ಷಗಾನದ ಕಿರೀಟದ ಬೇಗಡೆ ತಾನೇ ಬೆಳಗುವುದಿಲ್ಲ. ವೇಷಧಾರಿ ತಲೆ ತಿರುಗಿಸಿದಾಗ ದೀಪವನ್ನು ಹಿಡಿದು ಮಿಂಚುತ್ತದೆ. ಬಿಡುವಿಲ್ಲದೆ ಮಿಣುಕುವ ದೀಪ ಮುಖದ ಭಾವವನ್ನು ನುಂಗುತ್ತದೆ. ಹೊಸವರ್ಷದ ರಾತ್ರಿ ಬೀದಿಯಲ್ಲಿ ಮಾರುವ ಮಿಣುಕು ಕೊಂಬುಗಳಲ್ಲಿ ಬೆಳಕಿದೆ, ಅಭಿನಯವಿಲ್ಲ.

ಸೌಂದರ್ಯದ ಮಾತಿಗಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಆ ನಾಣ್ಯದಂಥ ಸೆಲ್ಲನ್ನು ಎಳೆಯ ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯ ಸ್ಪರ್ಶದಿಂದ ವಿದ್ಯುತ್ತು ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಗಳಲ್ಲಿ ಒಳಗೆ ಘೋರವಾಗಿ ಸುಡಬಹುದು. ಸಂದೇಹ ಬಂದೊಡನೆ, ವಾಂತಿ ಮಾಡಿಸುವ ಗೊಡವೆಗೆ ಹೋಗದೆ, ಆಸ್ಪತ್ರೆಗೆ ಒಯ್ಯಬೇಕು. ಇದಕ್ಕಾಗಿಯೇ ಆಸ್ಟ್ರೇಲಿಯದ ನಿಯಮ 2022ರಲ್ಲಿ ಜಾರಿಗೆ ಬಂದಿತು, ಅಮೆರಿಕ ಅದೇ ವರ್ಷ ಕಾನೂನು ಮಾಡಿತು: ಸೆಲ್ಲಿನ ಗೂಡು ಮಗುವಿನ ಕೈಗೆ ತೆರೆಯಬಾರದು. ನಮ್ಮಲ್ಲಿ ಆಟಿಕೆಗಳಿಗೆ 2021ರ ಜನವರಿಯಿಂದ ಭಾರತೀಯ ಮಾನಕ ಬ್ಯೂರೋದ ಮುದ್ರೆ ಕಡ್ಡಾಯವಾಗಿದೆ. ಆದರೆ ಛದ್ಮವೇಷಕ್ಕೆಂದು ಮನೆಯಲ್ಲಿಯೇ ಹೊಲಿದ ಕಿರೀಟಕ್ಕೆ ಮುದ್ರೆ ಒತ್ತುವವರಾರು? ಅಲ್ಲಿ ಹೊಲಿದವಳೇ ಪರೀಕ್ಷಕಿ. ಸ್ಕ್ರೂ ಹಾಕಿ ಮುಚ್ಚುವ ಗೂಡಿಲ್ಲದೆ ಸೆಲ್ಲನ್ನು ಬಟ್ಟೆಗೆ ಸೇರಿಸಬಾರದೆಂಬ ಪಾಠವನ್ನು, ದೀಪ ಹೊತ್ತಿಸುವ ಪಾಠಕ್ಕಿಂತ ಮೊದಲೇ ಶಾಲೆ ಕಲಿಸಬೇಕು. ಒಗೆಯುವ ಮುನ್ನ ಸೆಲ್ಲು ತೆಗೆಯುವುದೂ, ಮುಗಿದ ಸೆಲ್ಲಿನ ಮೇಲೆ ಅಂಟುಪಟ್ಟಿ ಸುತ್ತಿ ಬೇರೆಯಾಗಿ ಇಡುವುದೂ ಆ ಪಾಠದ ಭಾಗ.

ಈ ಪಾಠವನ್ನು ಯಾವ ನುಡಿಯಲ್ಲಿ ಹೇಳುವುದು? ಇಂಥ ಸಾಮಗ್ರಿಯ ಪೆಟ್ಟಿಗೆಯೊಳಗೆ ನಾನು ಕಂಡ ಸೂಚನಾಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಬರೆಯುವವರು ಪರಿಭಾಷೆ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಎಳೆ, ಗಂಟು, ಅಂಚು, ಮಡಿಕೆ, ಕಾಜ, ಗುಂಡಿ ಇವೆಲ್ಲ ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಮಾತುಗಳೇ. ಗಂಟು ಸಡಿಲವಾದರೆ ಬೆಳಕು ನಡುಗುತ್ತದೆ ಎಂದರೆ ಯಾವ ಹುಡುಗಿಗೆ ತಿಳಿಯದು? ಅದನ್ನು ತೋರಿಸಿಕೊಡಲು ಊರಿನ ದರ್ಜಿಯನ್ನೇ ವಾರಕ್ಕೊಂದು ಗಂಟೆ ಶಾಲೆಗೆ ಕರೆಯಬಹುದು, ಗೌರವಧನ ಕೊಟ್ಟು. ವಿಜ್ಞಾನದ ಉಪಾಧ್ಯಾಯರು ಪಕ್ಕದಲ್ಲಿ ಕುಳಿತಿರಲಿ; ಅವರಿಗೂ ಹೊಲಿಗೆ ಬರಬಹುದು.