ಹತ್ತು ವರ್ಷ ತಡವಾಗಿ ಬಂದ ಸಂಶಯ

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ನಾಸಿಕದ ಒಂದು ಮೊಕದ್ದಮೆಯನ್ನು ಮರೆಯಬಾರದು. 2003ರ ಜೂನ್ ತಿಂಗಳಲ್ಲಿ ಅಲ್ಲಿ ಒಂದೇ ಕುಟುಂಬದ ಐವರ ಕಗ್ಗೊಲೆಯಾಯಿತು. ಬಂಧಿತರಾದವರು ಅಲೆಮಾರಿ ಸಮುದಾಯದ ಆರು ಮಂದಿ ಬಡವರು. 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೂ ಮಂದಿಗೆ ಗಲ್ಲು ವಿಧಿಸಿತು. 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೂವರಿಗೂ ಗಲ್ಲನ್ನೇ ವಿಧಿಸಿತು. 2019ರ ಮಾರ್ಚ್‌ನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಮತ್ತೆ ಪರಿಶೀಲಿಸಿ, ಆರೂ ಮಂದಿಯನ್ನು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು.

ಬದುಕುಳಿದ ಪ್ರತ್ಯಕ್ಷಸಾಕ್ಷಿಯೊಬ್ಬರು ಘಟನೆಯ ಬೆನ್ನಿಗೇ ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ತನಿಖೆ ನಡೆಯಲೇ ಇಲ್ಲ. ಶಿಕ್ಷಿತರಲ್ಲಿ ಒಬ್ಬ ಅಪರಾಧದ ಕಾಲಕ್ಕೆ ಅಪ್ರಾಪ್ತ ವಯಸ್ಕನಾಗಿದ್ದನೆಂಬುದೂ ತಡವಾಗಿಯೇ ನಿರ್ಧಾರವಾಯಿತು.

ಘೋರ ಕೃತ್ಯ ನಡೆದಾಗ ‘ಗಲ್ಲಿಗೇರಿಸಿ’ ಎನ್ನುವ ಕೂಗು ಮೊದಲೇಳುತ್ತದೆ; ‘ಮಾಡಿದವರು ಇವರೇ ಹೌದೇ?’ ಎಂಬ ಪ್ರಶ್ನೆ ಕೇಳಿಸುವುದೇ ಇಲ್ಲ. ಕೃತ್ಯ ಎಷ್ಟೇ ಕ್ರೂರವಾಗಿರಲಿ, ಆ ಕ್ರೌರ್ಯವು ಆರೋಪಿಯ ವಿರುದ್ಧ ಪುರಾವೆಯಾಗಲಾರದು. ಇಲ್ಲಿ ಆರು ಮಂದಿ ಹದಿನಾರು ವರ್ಷಗಳ ಬಾಳನ್ನು ಕಳೆದುಕೊಂಡರು, ಮಡಿದ ಐವರಿಗೂ ನ್ಯಾಯ ದೊರೆಯಲಿಲ್ಲ.

2009ರ ತೀರ್ಪು ಕೂಡಲೇ ಜಾರಿಯಾಗಿದ್ದರೆ 2019ರ ತೀರ್ಪು ಯಾರನ್ನು ಬಿಡಿಸುತ್ತಿತ್ತು? ನ್ಯಾಯಾಧೀಶರೂ ಮನುಷ್ಯರೇ, ತಿದ್ದಿಕೊಳ್ಳಲು ಅವರಿಗೆ ಕಾಲಾವಕಾಶ ಬೇಕು. ಗಲ್ಲು ಆ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಆದುದರಿಂದ ಅದು ನಮ್ಮ ಕಾನೂನಿನಿಂದ ತೊಲಗಬೇಕೆಂಬುದು ನನ್ನ ಖಚಿತ ನಿಲುವು.