ಹಸಿದ ಹುಳು, ಹೊಸ ತಲೆ

ಸಿಹಿನೀರಿನ ಚಪ್ಪಟೆ ಹುಳು ಪ್ಲನೇರಿಯಾವನ್ನು ತುಂಡರಿಸಿದರೆ ತಲೆಗೆ ಬಾಲ, ಬಾಲಕ್ಕೆ ತಲೆ ಮೂಡುತ್ತದೆ. ಇದರ ದೇಹದ 1/279ರಷ್ಟು ಚೂರೂ ಇಡೀ ಹುಳುವಾಗಬಲ್ಲದೆಂದು ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಬರೆದಿದ್ದರು.

ಬಾಲದ ತುಂಡಿಗೆ ಬಾಯಿಯೇ ಇಲ್ಲ, ಉಣ್ಣುವುದು ಹೇಗೆ? ಕೂಡಿಟ್ಟ ಕೊಬ್ಬನ್ನು, ಕೊನೆಗೆ ತನ್ನದೇ ಅಂಗಾಂಶವನ್ನು ಕರಗಿಸಿ ಅದು ತಲೆ ಕಟ್ಟಿಕೊಳ್ಳುತ್ತದೆ. ವಾರಗಟ್ಟಲೆ ಉಪವಾಸ ಬಿದ್ದರೆ ಮೈ ಕುಗ್ಗುತ್ತದೆ, ಮರುಬೆಳವಣಿಗೆಯ ಶಕ್ತಿ ಮಾತ್ರ ಉಳಿಯುತ್ತದೆ. ನಮ್ಮ ಡಯಟ್ ಶೂರರು ಹೊಟ್ಟೆಕಿಚ್ಚು ಪಡಬೇಕು!

ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ವಿಜ್ಞಾನಿಗಳು 2021ರಲ್ಲಿ ಇನ್ನೊಂದು ಎಳೆ ಹಿಡಿದರು: ಈ ಮರುಬೆಳವಣಿಗೆಗೆ ಮೂಲವಾದ ಹುಳುವಿನ ಕಾಂಡಕೋಶಗಳಲ್ಲಿ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕಡಿಮೆಯಿರುವವಕ್ಕೇ ಯಾವ ಅಂಗಾಂಶವಾದರೂ ಆಗುವ ಸಾಮರ್ಥ್ಯ ಹೆಚ್ಚು. ಕೋಶದ ಹಣೆಬರಹದಲ್ಲಿ ಚಯಾಪಚಯದ ಕೈಯೂ ಇದೆ ಎಂಬುದರ ಸುಳಿವಿದು.

ಹುಳುವಿನ ಅಧ್ಯಯನಕ್ಕೇಕೆ ತೆರಿಗೆ ಹಣ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಗಾಯ ಮಾಯಿಸುವ ನಾಳಿನ ಚಿಕಿತ್ಸೆಗೆ ಬೇಕಾದ ಮೂಲಪಾಠ ಇಲ್ಲಿದೆ. ಇಂಥ ಪ್ರಯೋಗಾಲಯಗಳ ಅನುದಾನಕ್ಕೆ ಸರ್ಕಾರ ಕತ್ತರಿ ಹಾಕಬಾರದು.